ಬಾಸ್ಕೆಟ್‌ಬಾಲ್ ಜನಕ ನೈಸ್ಮಿತ್

ಆಟದ ನಡುವೆ ಕೆಲವೊಮ್ಮೆ ವಿಚಿತ್ರ ಸನ್ನಿವೇಶಗಳು ಒದಗುತ್ತವೆ. ಚೆಂಡು ಬುಟ್ಟಿಯ ಅಂಚಿನ ಮೇಲೆ ನಿಂತಿದೆ. ಅದು ಒಳಗೆ ಬೀಳುವ ಮುನ್ನವೇ ಎದುರಾಳಿಯೊಬ್ಬನು ಬುಟ್ಟಿಯನ್ನು ಅಲುಗಿಸಿಬಿಡುತ್ತಾನೆ. ಆಗ ತೀರ್ಪುಗಾರನು ಏನು ಮಾಡಬೇಕು? ಬಾಸ್ಕೆಟ್‌ಬಾಲ್ ಆಟವನ್ನು ಜಗತ್ತು ಕಾಣುವ ಮೊದಲೇ ಇಂಥ ಪ್ರಶ್ನೆಗೆ ಉತ್ತರವನ್ನು ಬರೆದಿಟ್ಟವರು ಜೇಮ್ಸ್ ನೈಸ್ಮಿತ್.

ನೈಸ್ಮಿತ್ ಅವರು 1861ರ ನವೆಂಬರ್ 6ರಂದು ಕೆನಡಾ ದೇಶದ ಆಲ್ಮಾಂಟ್ ಎಂಬ ಊರಿನ ಬಳಿ ಜನಿಸಿದರು. ಒಂಬತ್ತನೆಯ ವಯಸ್ಸಿನಲ್ಲಿಯೇ ತಂದೆತಾಯಿಗಳು ವಿಷಮಶೀತಜ್ವರಕ್ಕೆ ಬಲಿಯಾದರು. ಅನಾಥನಾದ ಬಾಲಕನು ಸೋದರಮಾವನ ಆಶ್ರಯದಲ್ಲಿ ಬೆಳೆದನು. ಕೆಲಕಾಲ ಶಾಲೆ ಬಿಟ್ಟು ಕಾಡಿನಲ್ಲಿ ಮರ ಕಡಿಯುವ ಕೆಲಸವನ್ನೂ ಮಾಡಿದನು. ಆದರೆ ವಿದ್ಯೆಯ ಹಂಬಲ ಅವನನ್ನು ಮರಳಿ ಶಾಲೆಗೆ ಕರೆತಂದಿತು. ಮುಂದೆ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಪದವೀಧರರಾಗಿ, ಧರ್ಮಶಾಸ್ತ್ರವನ್ನೂ ಅಭ್ಯಾಸ ಮಾಡಿದ ನೈಸ್ಮಿತ್ ಅವರು, ಆಟದ ಮೂಲಕವೂ ಯುವಕರಲ್ಲಿ ಸದ್ಗುಣಗಳನ್ನು ಬೆಳೆಸಬಹುದೆಂದು ನಂಬಿದರು. ಈ ನಂಬಿಕೆಯೇ ಅವರನ್ನು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ತರಬೇತಿ ಶಾಲೆಗೆ ಕರೆದೊಯ್ದಿತು.

1891ರ ಚಳಿಗಾಲ. ಹೊರಗೆ ಹಿಮ ಬೀಳುತ್ತಿದ್ದುದರಿಂದ ವಿದ್ಯಾರ್ಥಿಗಳು ಒಳಗಿನ ವ್ಯಾಯಾಮಶಾಲೆಯಲ್ಲಿಯೇ ಅಂಗಸಾಧನೆ ಮಾಡಬೇಕಾಗಿತ್ತು. ಹದಿನೆಂಟು ಮಂದಿಯ ಒಂದು ತರಗತಿಗೆ ಇದು ತೀರ ಬೇಸರ ತಂದಿತ್ತು. ಇಬ್ಬರು ಶಿಕ್ಷಕರು ಅವರನ್ನು ಹತೋಟಿಯಲ್ಲಿಡಲಾರದೆ ಸೋತಿದ್ದರು. ಮುಖ್ಯಸ್ಥರಾದ ಲೂಥರ್ ಗುಲಿಕ್ ಅವರು ಆ ತರಗತಿಯನ್ನು ನೈಸ್ಮಿತ್ ಅವರಿಗೆ ಒಪ್ಪಿಸಿ, ಹೊಸ ಆಟವೊಂದನ್ನು ರೂಪಿಸಲು ಹದಿನಾಲ್ಕು ದಿನಗಳ ಗಡುವು ಕೊಟ್ಟರು. ಹೊರಾಂಗಣದ ಆಟಗಳನ್ನು ಒಳಗೆ ಆಡಿಸಿದ್ದಾಯಿತು; ಕೈಕಾಲುಗಳಿಗೆ ಪೆಟ್ಟಾಯಿತೇ ಹೊರತು ಫಲ ದೊರೆಯಲಿಲ್ಲ. ಗಡುವು ಮುಗಿಯುತ್ತ ಬಂದಿತು.

ಆಗ ನೈಸ್ಮಿತ್ ಅವರು ಜಗಳದ ಮೂಲವನ್ನೇ ಹುಡುಕಿದರು. ಚೆಂಡು ಹಿಡಿದು ಓಡುವವನನ್ನು ಕೆಡವುವುದರಿಂದಲೇ ಗಾಯಗಳಾಗುತ್ತವೆ. ಓಡುವುದನ್ನೇ ನಿಷೇಧಿಸಿದರೆ ಕೆಡವುವ ಅಗತ್ಯವೇ ಇರದು. ಗುರಿಯನ್ನು ತಲೆಯ ಮೇಲೆ ಎತ್ತರದಲ್ಲಿಟ್ಟರೆ ಬಲಕ್ಕಿಂತ ಚಾತುರ್ಯವೇ ಮುಖ್ಯವಾಗುತ್ತದೆ. ಬಾಲ್ಯದಲ್ಲಿ ಆಡಿದ, ನಮ್ಮ ಲಗೋರಿಯನ್ನು ತುಸು ನೆನಪಿಸುವ ಕಲ್ಲಾಟವೊಂದು ಅವರಿಗೆ ನೆನಪಾಯಿತು. ಅದರಲ್ಲಿ ರಭಸದಿಂದ ಎಸೆದ ಕಲ್ಲಿಗಿಂತ ಮೇಲಕ್ಕೆ ಹದವಾಗಿ ತೂರಿದ ಕಲ್ಲೇ ಹೆಚ್ಚು ಪ್ರಯೋಜನಕಾರಿಯಾಗಿತ್ತು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದ ಮೊಗಸಾಲೆಯ ಕಟಕಟೆಗೆ ಹೊಡೆಸಿ, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. 1891ರ ಡಿಸೆಂಬರ್ 21ರಂದು ಒಂಬತ್ತು ಮಂದಿಯ ಎರಡು ತಂಡಗಳು ಆಡಿದವು. ಒಂದೇ ಒಂದು ಗೋಲು ಬಿದ್ದಿತು. ಆದರೆ ಆಟ ಗೆದ್ದಿತು.

ಆ ನಿಯಮಗಳಲ್ಲಿ ತೀರ್ಪುಗಾರರಿಗೆ ಹಿರಿದಾದ ಸ್ಥಾನವಿತ್ತು. ಆಟಗಾರರ ನಡತೆಯನ್ನು ನೋಡಲು ಒಬ್ಬ ಅಂಪೈರ್, ಚೆಂಡಿನ ಗತಿಯನ್ನು ನೋಡಲು ಒಬ್ಬ ರೆಫರಿ. ಎದುರಾಳಿಯು ಬುಟ್ಟಿಯನ್ನು ಅಲುಗಿಸಿದರೆ, ಅಂಚಿನಲ್ಲಿದ್ದ ಚೆಂಡು ಗೋಲೆಂದೇ ಎಣಿಕೆ. ಒಂದು ತಂಡವು ಬಿಡುವಿಲ್ಲದೆ ಮೂರು ಫೌಲುಗಳನ್ನು ಮಾಡಿದರೆ ಎದುರಾಳಿಗೆ ಒಂದು ಗೋಲು. ಗಾಯಗೊಳಿಸುವ ಉದ್ದೇಶದಿಂದಲೇ ಹೊಡೆದವನು ಇಡೀ ಆಟದಿಂದ ಹೊರಕ್ಕೆ. ಅವನ ಬದಲಿಗೆ ಬೇರೊಬ್ಬನೂ ಬರುವಂತಿಲ್ಲ. ಆದರೆ ವೇಗವಾಗಿ ಓಡುತ್ತಿರುವಾಗ ಚೆಂಡು ಕೈಗೆ ಬಂದವನು ನಿಲ್ಲಲು ಯತ್ನಿಸಿದರೆ, ಅವನಿಗೆ ರಿಯಾಯಿತಿ ಉಂಟು. ತಪ್ಪಿತಸ್ಥನಿಗೆ ಲಾಭವಾಗಬಾರದು, ನಿರಪರಾಧಿಗೆ ಶಿಕ್ಷೆಯಾಗಬಾರದು ಎಂಬುದೇ ಇವುಗಳ ಸಾರ.

ಆದರೂ ನಿಯಮಗಳು ಊಹಿಸದ ಸನ್ನಿವೇಶಗಳು ಎದುರಾಗುತ್ತಲೇ ಇದ್ದವು. ಮೊಗಸಾಲೆಯಲ್ಲಿ ಕುಳಿತ ಪ್ರೇಕ್ಷಕರು ಕೈಚಾಚಿ ಚೆಂಡನ್ನು ತಡೆಯತೊಡಗಿದರು. ಬುಟ್ಟಿಯ ಹಿಂದೆ ಹಲಗೆ ಬಂದಿತು. ಗೆರೆಯಾಚೆ ಹೋದ ಚೆಂಡು ಅದನ್ನು ಮೊದಲು ಮುಟ್ಟಿದವನದೆಂದು ನಿಯಮವಿದ್ದುದರಿಂದ, ಆಟಗಾರರು ಅದರ ಬೆನ್ನಟ್ಟಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಮುಂದೆ ಆ ನಿಯಮವನ್ನು ಬದಲಿಸಲಾಯಿತು. ಚೆಂಡನ್ನು ಹಿಡಿದು ಓಡಬಾರದೆಂದಾಗ ಚತುರರು ಅದನ್ನು ನೆಲಕ್ಕೆ ಪುಟಿಸುತ್ತ ಮುನ್ನಡೆದರು. ನೈಸ್ಮಿತ್ ಅವರು ಇದನ್ನು ವಂಚನೆಯೆಂದು ಬಗೆಯದೆ ಕೌಶಲವೆಂದು ಮೆಚ್ಚಿದರು.

ವೈದ್ಯಪದವಿಯನ್ನೂ ಪಡೆದು, 1898ರಲ್ಲಿ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯವನ್ನು ಸೇರಿದ ಅವರು ಅಲ್ಲಿಯೇ ದೀರ್ಘಕಾಲ ಸೇವೆ ಸಲ್ಲಿಸಿದರು. ಅವರು ತರಬೇತಿ ನೀಡಿದ ತಂಡವು ಗೆದ್ದುದಕ್ಕಿಂತ ಸೋತುದೇ ಹೆಚ್ಚು. ಆಟದಿಂದ ಧನಸಂಪಾದನೆಯನ್ನೂ ಅವರು ಮಾಡಲಿಲ್ಲ. 1936ರಲ್ಲಿ ಬಾಸ್ಕೆಟ್‌ಬಾಲ್ ಬರ್ಲಿನ್ ಒಲಿಂಪಿಕ್ಸ್ ಪ್ರವೇಶಿಸಿದಾಗ, ಅಭಿಮಾನಿಗಳು ಕೂಡಿಸಿದ ಹಣದಿಂದ ಅವರು ಅಲ್ಲಿಗೆ ಹೋದರು. ಅಂತಿಮ ಪಂದ್ಯವು ಸುರಿಯುವ ಮಳೆಯಲ್ಲಿ, ಬಯಲಿನ ಅಂಕಣದಲ್ಲಿ ನಡೆಯಿತು. ಕೆಸರಿನಲ್ಲಿ ಚೆಂಡು ಪುಟಿಯಲಿಲ್ಲ. ಆದರೂ ಆಟ ನಿಲ್ಲಲಿಲ್ಲ. ಅಮೆರಿಕ ತಂಡವು ಅವರ ಹುಟ್ಟುನಾಡಾದ ಕೆನಡಾವನ್ನು 19–8ರಿಂದ ಸೋಲಿಸಿತು.

1939ರ ನವೆಂಬರ್ 28ರಂದು ನೈಸ್ಮಿತ್ ಅವರು ನಿಧನರಾದರು. ಅವರು ಬರೆದ ನಿಯಮಗಳಲ್ಲಿ ಅನೇಕವು ಇಂದು ಬದಲಾಗಿವೆ. ಆದರೆ ಗೆಲುವಿಗಿಂತ ನ್ಯಾಯ ದೊಡ್ಡದೆಂಬ ಅವರ ಭಾವನೆ ಬದಲಾಗಿಲ್ಲ. ಪುಸ್ತಕದಲ್ಲಿ ಇಲ್ಲದ ಸನ್ನಿವೇಶ ಎದುರಾದಾಗ ನಿಯಮದ ಅಕ್ಷರದೊಡನೆ ಅದರ ಆಶಯವನ್ನೂ ಅರಿತು ನಡೆಯುವವನೇ ಒಳ್ಳೆಯ ತೀರ್ಪುಗಾರ. ಆ ತೀರ್ಪಿಗೆ ತಲೆಬಾಗುವವನೇ ನಿಜವಾದ ಆಟಗಾರ.