ಅಣ್ಣ ಹಚ್ಚಿದ ದೀಪ

ಬೇಗಂ ರೊಕೇಯಾ 1880ರಲ್ಲಿ ಬಂಗಾಳದ ರಂಗಪುರ ಜಿಲ್ಲೆಯಲ್ಲಿ ಹುಟ್ಟಿದವರು. ಆ ಮನೆಯಲ್ಲಿ ಹೆಣ್ಣುಮಕ್ಕಳು ಬಂಗಾಳಿ, ಇಂಗ್ಲಿಷ್ ಕಲಿಯುವಂತಿರಲಿಲ್ಲ. ಎಲ್ಲರೂ ಮಲಗಿದ ಮೇಲೆ ದೀಪ ಹಚ್ಚಿ ಕಲಿಸಿದ್ದು ಅಣ್ಣ ಇಬ್ರಾಹೀಂ. ಮದುವೆಯ ನಂತರ ಬರೆಯಲು ಹುರಿದುಂಬಿಸಿದ್ದು, ಹೆಣ್ಣುಮಕ್ಕಳ ಶಾಲೆಗೆಂದು ಹಣ ತೆಗೆದಿಟ್ಟದ್ದು ಗಂಡ ಸಖಾವತ್ ಹುಸೇನ್.

1909ರಲ್ಲಿ ಗಂಡ ತೀರಿಕೊಂಡರು. ಅದೇ ವರ್ಷ ರೊಕೇಯಾ ಭಾಗಲ್ಪುರದಲ್ಲಿ ಐದು ಮಕ್ಕಳ ಶಾಲೆ ಶುರು ಮಾಡಿದರು. 1911ರಲ್ಲಿ ಅದನ್ನು ಕಲ್ಕತ್ತಾಕ್ಕೆ ತಂದಾಗ ಇದ್ದದ್ದು ಎಂಟೇ ಮಕ್ಕಳು. ಮನೆಮನೆಗೆ ಹೋಗಿ ಹೆತ್ತವರನ್ನು ಒಪ್ಪಿಸಿದರು. ಪರ್ದಾದ ಮನೆಯ ಮಕ್ಕಳಿಗೆ ಪರದೆ ಕಟ್ಟಿದ ಗಾಡಿ ಮಾಡಿಸಿದರು. 1932ರಲ್ಲಿ ಮರಣ ಹೊಂದುವ ತನಕ ಶಾಲೆಯ ಕೈ ಬಿಡಲಿಲ್ಲ. ಅದು ಇವತ್ತಿಗೂ ನಡೀತಾ ಇದೆ.

ಇಲ್ಮ್ ಕಲಿಯುವುದು ಗಂಡಿಗೂ ಹೆಣ್ಣಿಗೂ ಫರ್ಳ್ ಅಂತ ನಾವು ಮದ್ರಸದಲ್ಲಿ ಕಲಿಸ್ತೇವೆ. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದಬೇಕು ಅಂದಾಗ, ನಮ್ಮ ಮನೆಯಲ್ಲಿ ಇಬ್ರಾಹೀಂ ಆಗುವವರು ಯಾರು?