ಮಧ್ಯಾಹ್ನದ ಓದು ಮತ್ತು ತರಾಸು

ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ಬುದ್ಧಿಭ್ರಮಣೆಗೆ ಒಳಗಾದ ಕಾರಣ 1811ರಿಂದ 1820ರವರೆಗೆ ಅವನ ಮಗ ರಾಜಪ್ರತಿನಿಧಿಯಾಗಿ ಆಳಿದ. ರೀಜೆನ್ಸಿ ಎಂದು ಹೆಸರಾದ ಆ ಕಾಲದ ನೃತ್ಯಕೂಟಗಳು, ಸಾರೋಟುಗಳು, ಸಿರಿವಂತ ಮನೆಗಳ ಪ್ರಣಯಪ್ರಸಂಗಗಳನ್ನು ಜಾರ್ಜೆಟ್ ಹೇಯರ್ ಎಂಬ ಲೇಖಕಿ ಕಾದಂಬರಿಗಳಾಗಿಸಿದರು. ಉಡುಪು, ಆಡುಮಾತು, ವಾಹನಗಳ ಬಗ್ಗೆ ಟಿಪ್ಪಣಿ ಮಾಡಿಟ್ಟುಕೊಂಡು ಬರೆಯುತ್ತಿದ್ದ ಆಕೆಯನ್ನು ಓದುಗರು ಅಪ್ಪಿಕೊಂಡರು. ವಿಮರ್ಶಕರು ಬಹುಮಟ್ಟಿಗೆ ಮುಖ ತಿರುಗಿಸಿದರು. ಇಂದು ಅದೇ ಬಗೆಯ ಪುಸ್ತಕಗಳು, ಅವುಗಳನ್ನು ಆಧರಿಸಿದ ಸರಣಿಗಳ ಬಲದಿಂದ, ನಮ್ಮ ನಗರಗಳ ಯುವತಿಯರ ಕೈಯಲ್ಲಿವೆ. ಇದನ್ನು ಕಂಡು ಹುಬ್ಬೇರಿಸುವ ಹಿರಿಯರು ತಮ್ಮ ತಾಯಂದಿರು ಅಡುಗೆಮನೆಯ ಕೆಲಸ ಮುಗಿಸಿ ಏನನ್ನು ಓದುತ್ತಿದ್ದರು ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು. ಚಿತ್ರದುರ್ಗದ ಸೀಮೆಯಲ್ಲಂತೂ ಆ ಮಧ್ಯಾಹ್ನದ ಓದಿಗೆ ಒಂದು ಹೆಸರಿತ್ತು. ಅದು ತರಾಸು.

ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ಹುಟ್ಟಿದ್ದು 1920ರ ಏಪ್ರಿಲ್ 21ರಂದು, ಮಲೆಬೆನ್ನೂರಿನಲ್ಲಿ. ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಆ ಊರು 1997ರವರೆಗೂ ಚಿತ್ರದುರ್ಗ ಜಿಲ್ಲೆಯದೇ. ಮನೆತನದ ಮೂಲ ಚಳ್ಳಕೆರೆ ತಾಲ್ಲೂಕಿನ ತಳುಕು. ಕುವೆಂಪು ಅವರ ಗುರುಗಳಾಗಿದ್ದು, ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯದ ಅರ್ಪಣೆಗೆ ಪಾತ್ರರಾದ ಪ್ರಾಧ್ಯಾಪಕ ಟಿ.ಎಸ್. ವೆಂಕಣ್ಣಯ್ಯನವರು ಇದೇ ಮನೆತನದವರು, ತರಾಸು ಅವರ ದೊಡ್ಡಪ್ಪ. ಅಂಥ ವಿದ್ವತ್ತಿನ ನೆರಳಿನಲ್ಲಿ ಬೆಳೆದ ಹುಡುಗ ಪದವಿಯ ದಾರಿ ಹಿಡಿಯಲಿಲ್ಲ. ಓದನ್ನು ಅರ್ಧಕ್ಕೇ ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಧುಮುಕಿದರು, ಸೆರೆಮನೆ ಕಂಡರು, ಪತ್ರಿಕೆಗಳಲ್ಲಿ ದುಡಿದರು. ಅನಕೃ ಅವರ ಮುಂದಾಳುತನದ ಪ್ರಗತಿಶೀಲ ಚಳವಳಿಯಲ್ಲಿ ಕಟ್ಟೀಮನಿ, ನಿರಂಜನ, ಚದುರಂಗರ ಸಾಲಿನಲ್ಲಿ ನಿಂತರು. ಬರವಣಿಗೆಯನ್ನೇ ಬದುಕಾಗಿಸಿಕೊಂಡವರಿಗೆ ವರ್ಷಕ್ಕೊಂದು ಪುಸ್ತಕ ಬರೆದರೆ ಮನೆ ನಡೆಯುತ್ತಿರಲಿಲ್ಲ. ಹಾಗಾಗಿ ತರಾಸು ಹೇರಳವಾಗಿ ಬರೆದರು; ಬರೆದುದೆಲ್ಲ ಸಮನಾಗಿಲ್ಲ. ಅವರ ಸಾಮಾಜಿಕ ಕಾದಂಬರಿಗಳಲ್ಲಿ ಕೆಲವು ಕಾಲದೊಡನೆ ಮಾಸಿಹೋಗಿವೆ ಎನ್ನಲು ಸಂಕೋಚಪಡಬೇಕಿಲ್ಲ.

ಐತಿಹಾಸಿಕ ಕಾದಂಬರಿಗಳು ಮಾಸಲಿಲ್ಲ. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ ಎಂಬ ಮೂರು ಪುಸ್ತಕಗಳನ್ನು ಕೈಗೆತ್ತಿಕೊಂಡವರು ಒಂದು ಮುಗಿಸಿ ಮತ್ತೊಂದಕ್ಕೆ ವಾಚನಾಲಯದ ಬಾಗಿಲು ಕಾಯುತ್ತಿದ್ದರು. ದಳವಾಯಿ ಮುದ್ದಣ್ಣನ ಸಂಚು, ಅಂತಃಪುರದ ಕಣ್ಣೀರು, ಕೊನೆಗೆ ಭರಮಣ್ಣ ನಾಯಕ ಪಟ್ಟವೇರುವುದು, ಇವು ಹದಿನೇಳನೆಯ ಶತಮಾನದ ಕೊನೆಯ ದುರ್ಗದ ಕಥೆಗಳು. ಅಧ್ಯಾಯದ ಕೊನೆಯಲ್ಲಿ ಓದುಗನನ್ನು ಎಲ್ಲಿ ನಿಲ್ಲಿಸಿ ಉಸಿರು ಬಿಗಿಹಿಡಿಸಬೇಕೆಂಬುದು ತರಾಸು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಅಗ್ಗದ ತಂತ್ರವೆಂದು ಕರೆದ ಪಂಡಿತರೂ ರಾತ್ರಿ ದೀಪ ಆರಿಸದೆ ಓದಿರಬೇಕೆಂದು ನನ್ನ ಗುಮಾನಿ.

ಈ ರಂಜನೆಯ ಹಿಂದೆ ದುಡಿಮೆಯಿತ್ತು. ಬಖೈರುಗಳು, ಹುಲ್ಲೂರು ಶ್ರೀನಿವಾಸ ಜೋಯಿಸರಂಥ ಸ್ಥಳೀಯ ವಿದ್ವಾಂಸರು ಹುಡುಕಿ ಬೆಳಕಿಗೆ ತಂದ ದುರ್ಗದ ಇತಿಹಾಸ, ಕೋಟೆಯ ಒಂದೊಂದು ಬಾಗಿಲು ಬತೇರಿಯ ಪರಿಚಯ, ಎಲ್ಲವೂ ಆ ಪುಟಗಳಲ್ಲಿ ಕರಗಿವೆ. ಈ ನಾಯಕರ ಮೂಲಪುರುಷ ತಿಮ್ಮಣ್ಣ ನಾಯಕ ವಿಜಯನಗರದ ಅರಸರಿಂದ ಮೊದಲು ಹೊಳಲ್ಕೆರೆಯ, ಅನಂತರ ಹಿರಿಯೂರಿನ, ಕೊನೆಗೆ ಚಿತ್ರದುರ್ಗದ ಅಧಿಕಾರ ಪಡೆದ. ಕಡೆಯ ಮದಕರಿ ನಾಯಕನನ್ನು 1754ರಲ್ಲಿ ಎಳೆಯ ವಯಸ್ಸಿನಲ್ಲೇ ಪಟ್ಟಕ್ಕೆಂದು ಕರೆತಂದದ್ದು ಹೊಸದುರ್ಗದ ಕಡೆಯ ಜಾನಕಲ್ಲಿನಿಂದ. ಇಂಥ ಸಂಗತಿಗಳು ಶಾಲೆಯ ಪಠ್ಯದಲ್ಲಿ ಒಂದು ಸಾಲಿನಷ್ಟು ಜಾಗ ಪಡೆದರೆ ಹೆಚ್ಚು. ಬಸ್ಸಿನಲ್ಲಿ ದಿನವೂ ಹಾದುಹೋಗುವ ಊರುಗಳಿಗೆ ಹಿಂದೊಂದು ಕಾಲದಲ್ಲಿ ಕುದುರೆಗಳು ಬಂದಿದ್ದವೆಂಬುದು ಈ ಭಾಗದ ಸಾಮಾನ್ಯ ಓದುಗರಿಗೆ ತಿಳಿದದ್ದು ಕಾದಂಬರಿಯಿಂದ.

ಇದರಲ್ಲೇ ಒಂದು ತೊಡಕೂ ಇದೆ. ಕಾದಂಬರಿಕಾರ ಇಬ್ಬರ ಬಾಯಲ್ಲಿ ಇರಿಸಿದ ಮಾತನ್ನು ಜನ ಇತಿಹಾಸವೆಂದೇ ನಂಬಿದರು. ಕೋಟೆ ನೋಡಲು ಬಂದವರು ಕಥೆಯ ಪ್ರಸಂಗ ನಡೆದ ಜಾಗ ತೋರಿಸಿ ಎನ್ನುತ್ತಾರೆ, ತೋರಿಸುವವರೂ ಸಿಗುತ್ತಾರೆ. ಇತಿಹಾಸದ ಅಧ್ಯಾಪಕರಿಗೆ ಇದು ತಲೆನೋವು. ತಪ್ಪನ್ನು ತರಾಸು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವರಷ್ಟು ಪ್ರೀತಿಯಿಂದ, ಅಷ್ಟು ಜನರಿಗೆ ನಿಲುಕುವ ಕನ್ನಡದಲ್ಲಿ ದುರ್ಗದ ಕಥೆ ಹೇಳುವ ಶ್ರಮವನ್ನು ಇತಿಹಾಸಕಾರರಲ್ಲಿ ಎಷ್ಟು ಮಂದಿ ಕೈಗೊಂಡರು?

ಸಿನಿಮಾ ಈ ಗೊಂದಲವನ್ನು ಇನ್ನಷ್ಟು ಹಿಗ್ಗಿಸಿತು. ಹಂಸಗೀತೆ ಕಾದಂಬರಿ ಮೊದಲು 1956ರಲ್ಲಿ ಬಸಂತ್ ಬಹಾರ್ ಎಂಬ ಹಿಂದಿ ಚಿತ್ರಕ್ಕೆ ಆಧಾರವಾಯಿತು, 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಕನ್ನಡದಲ್ಲಿ ತೆರೆಗೆ ತಂದರು. ಅದಕ್ಕೂ ಮುನ್ನ, 1972ರಲ್ಲಿ, ಪುಟ್ಟಣ್ಣ ಕಣಗಾಲ್ ಅವರ ನಾಗರಹಾವು ಬಂತು. ತರಾಸು ಅವರ ಮೂರು ಕಾದಂಬರಿಗಳನ್ನು ಬೆಸೆದು ಮಾಡಿದ ಆ ಚಿತ್ರದಲ್ಲಿ ರಾಮಾಚಾರಿಯಷ್ಟೇ ಗಟ್ಟಿಯಾಗಿ ನೆನಪಿನಲ್ಲಿ ಉಳಿದದ್ದು ಕೋಟೆಯ ಕಲ್ಲು. ಕೆಲವೇ ನಿಮಿಷ ಒನಕೆ ಹಿಡಿದು ನಿಂತ ಜಯಂತಿಯವರ ಓಬವ್ವ. ನಾಡೆಲ್ಲ ಕೊಂಡಾಡಿದ ಆ ಚಿತ್ರ ಮೂಲ ಲೇಖಕರಿಗೆ ಮೆಚ್ಚುಗೆಯಾಗಲಿಲ್ಲ, ಅದನ್ನು ಅವರು ಮುಚ್ಚಿಡಲೂ ಇಲ್ಲ. ತಮ್ಮ ಪಾತ್ರಗಳು ಪರರ ಕೈಯಲ್ಲಿ ಬೇರೆಯಾದಾಗ ಅವರಿಗಾದ ನೋವು ದುರ್ಗದ ಪಾಳೆಯಗಾರರ ಆತ್ಮಗಳಿಗೂ ಆಗಿರಬಹುದೇ ಎಂಬ ತುಂಟ ಪ್ರಶ್ನೆ ಆಗಾಗ ಏಳುತ್ತದೆ.

ಮೈಸೂರಿನಲ್ಲಿ ನೆಲೆಸಿದ ಮೇಲೂ ತರಾಸು ಅವರ ಮನಸ್ಸು ದುರ್ಗದ ಬೆಟ್ಟ ಇಳಿಯಲಿಲ್ಲ. ಮದಕರಿ ನಾಯಕನ ಪತನವನ್ನು ಅವರು ಬಹುಕಾಲ ಬರೆಯದೆ ಉಳಿಸಿಕೊಂಡಿದ್ದರು. ಹೈದರಾಲಿ 1779ರಲ್ಲಿ ಕೋಟೆ ಹಿಡಿದು ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ ಕಥೆ ಕನ್ನಡಿಗರಿಗೆಲ್ಲ ಗೊತ್ತಿದ್ದುದೇ. ಅಂತ್ಯ ತಿಳಿದಿರುವ ಕಥೆಯಲ್ಲಿ ಕುತೂಹಲ ಉಳಿಸುವುದು ರಂಜನೆಯ ಲೇಖಕನಿಗೆ ಕಡುಕಷ್ಟದ ಪರೀಕ್ಷೆ. ಆರೋಗ್ಯ ಕೈಕೊಡುತ್ತಿದ್ದ ದಿನಗಳಲ್ಲಿ ಬರೆದ ದುರ್ಗಾಸ್ತಮಾನ 1982ರಲ್ಲಿ ಪ್ರಕಟವಾಯಿತು. ಆರಂಭದ ಪುಟಗಳಲ್ಲಿ ಜಾನಕಲ್ಲಿನ ಹುಡುಗನನ್ನು ಪಟ್ಟಕ್ಕೇರಿಸಿ, ಅವನನ್ನು ಓದುಗರ ಮನೆಯ ಮಗನನ್ನಾಗಿಸಿ, ಆಮೇಲೆ ಅವರ ಕಣ್ಣೆದುರೇ ಅವನನ್ನು ಕಳೆದುಕೊಳ್ಳುವಂತೆ ಮಾಡಿದರು. ಬೇಗ ಮುಗಿಸುವ ಚಟದ ಓದುಗರು ಆ ಒಂದು ಪುಸ್ತಕದ ಕೊನೆಯ ಪುಟಗಳನ್ನು ಬೇಕೆಂದೇ ನಿಧಾನವಾಗಿ ತಿರುವಿದರು; ಕೆಲವರು ಪುಸ್ತಕ ಮಡಚಿಟ್ಟು ಮರುದಿನಕ್ಕೆ ಮುಂದೂಡಿದರು.

1984ರ ಏಪ್ರಿಲ್ 10ರಂದು, ಅರವತ್ತನಾಲ್ಕು ತುಂಬಲು ಹನ್ನೊಂದು ದಿನ ಉಳಿದಿರುವಾಗ, ತರಾಸು ತೀರಿಕೊಂಡರು. ದುರ್ಗಾಸ್ತಮಾನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಮಧ್ಯಾಹ್ನದ ಓದುಗರು ಮೂರು ದಶಕ ಮೊದಲೇ ಕೊಟ್ಟಿದ್ದ ಮನ್ನಣೆ ಅಧಿಕೃತವಾಗಿ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಅದನ್ನು ಸ್ವೀಕರಿಸಲು ಅವರಿರಲಿಲ್ಲ.