ಹಿದೆಯೊ ನೊಗುಚಿ

ಜಪಾನ್ ದೇಶದ ಇನವಾಶಿರೊ ಸರೋವರದ ಸಮೀಪದ ಹಳ್ಳಿಯಲ್ಲಿ ಹಿದೆಯೊ ನೊಗುಚಿ 1876ರಲ್ಲಿ ಬಡ ರೈತ ಕುಟುಂಬವೊಂದರಲ್ಲಿ ಜನಿಸಿದನು. ಒಂದೂವರೆ ವರ್ಷದ ಮಗುವಾಗಿದ್ದಾಗ ಮನೆಯ ಒಲೆಯ ಬೆಂಕಿಗೆ ಬಿದ್ದು ಅವನ ಎಡಗೈ ಸುಟ್ಟುಹೋಯಿತು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಇಂತಹ ಕೈಯಿಂದ ಬೇಸಾಯ ಸಾಧ್ಯವಿಲ್ಲವೆಂದು ಅರಿತ ತಾಯಿ ಶಿಕಾ ಹಗಲಿರುಳೂ ದುಡಿದು ಮಗನನ್ನು ಓದಿಸಿದಳು. 1892ರಲ್ಲಿ ಉಪಾಧ್ಯಾಯರೂ ಸಹಪಾಠಿಗಳೂ ಹಣ ಕೂಡಿಸಿ ಅವನಿಗೆ ಶಸ್ತ್ರಚಿಕಿತ್ಸೆ ಮಾಡಿಸಿದರು. ಬೆರಳುಗಳು ಬಿಡಿಯಾದವು. ಆ ಉಪಕಾರವೇ ಬಾಲಕನಲ್ಲಿ ವೈದ್ಯನಾಗುವ ಹಂಬಲವನ್ನು ಬಿತ್ತಿತು.

1897ರಲ್ಲಿ ವೈದ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದ ನೊಗುಚಿಯವರು 1900ರಲ್ಲಿ ಅಮೆರಿಕಕ್ಕೆ ತೆರಳಿದರು. ಮುಂದೆ ನ್ಯೂಯಾರ್ಕಿನ ರಾಕ್‌ಫೆಲರ್ ವೈದ್ಯಕೀಯ ಸಂಶೋಧನಾ ಸಂಸ್ಥೆಯು ಅವರ ಕರ್ಮಭೂಮಿಯಾಯಿತು. ಸುರುಳಿಯಾಕಾರದ ಬ್ಯಾಕ್ಟೀರಿಯಗಳ ಅಧ್ಯಯನದಲ್ಲಿ ಅವರು ಮಗ್ನರಾದರು. ಬುದ್ಧಿಭ್ರಮಣೆಯೂ ಪಾರ್ಶ್ವವಾಯುವೂ ಕೂಡಿದ ಒಂದು ಬಗೆಯ ವ್ಯಾಧಿಯಿಂದ ಸತ್ತವರ ಮಿದುಳಿನಲ್ಲಿ ಸಿಫಿಲಿಸ್ ರೋಗದ ಸುರುಳಿಜೀವಿ ಇರುವುದನ್ನು 1913ರಲ್ಲಿ ತೋರಿಸಿಕೊಟ್ಟರು. ಮನಸ್ಸಿನ ರೋಗಕ್ಕೂ ಸೂಕ್ಷ್ಮಜೀವಿ ಕಾರಣವಾಗಬಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು.

ತೀವ್ರ ಕಾಮಾಲೆಯನ್ನುಂಟುಮಾಡುವ ವೈಲ್ ರೋಗದ ಜೀವಿಯನ್ನು ಇನಾದಾ ಮತ್ತು ಇದೊ ಎಂಬ ಜಪಾನೀ ವಿಜ್ಞಾನಿಗಳು ಅಷ್ಟರಲ್ಲಿ ಕಂಡುಹಿಡಿದಿದ್ದರು. ಅದು ಇತರ ಸುರುಳಿಜೀವಿಗಳಿಗಿಂತ ಭಿನ್ನವೆಂದು ಮನಗಂಡ ನೊಗುಚಿಯವರು 1917ರಲ್ಲಿ ಅದಕ್ಕಾಗಿ ಲೆಪ್ಟೊಸ್ಪೈರ ಎಂಬ ಹೊಸ ಕುಲವನ್ನು ಸೂಚಿಸಿದರು. ತೆಳುವಾದ ಸುರುಳಿ ಎಂಬುದು ಆ ಹೆಸರಿನ ಅರ್ಥ. ಈ ಜೀವಿಯ ದಪ್ಪ ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲೊಂದು ಭಾಗ ಮಾತ್ರ. ಇದರ ತುದಿಗಳು ಕೊಕ್ಕೆಯಂತೆ ಬಾಗಿರುತ್ತವೆ. ಹೊರಪೊರೆಯ ಒಳಗೆ ಅಡಗಿರುವ ಎರಡು ಕಶಾಂಗಗಳ ನೆರವಿನಿಂದ ಇದು ಗಿರಗಿರನೆ ತಿರುಗುತ್ತ ಚಲಿಸುತ್ತದೆ. ಇಲಿ ಮೊದಲಾದ ಪ್ರಾಣಿಗಳ ಮೂತ್ರಪಿಂಡದಲ್ಲಿ ನೆಲೆಸಿ, ಮೂತ್ರದೊಡನೆ ನೀರನ್ನೂ ಕೆಸರನ್ನೂ ಸೇರಿ, ಗಾಯವಾದ ಚರ್ಮದ ಮೂಲಕ ಮನುಷ್ಯನ ದೇಹವನ್ನು ಪ್ರವೇಶಿಸುತ್ತದೆ. ನಮ್ಮ ನಾಡಿನಲ್ಲಿ ಇಲಿಜ್ವರವೆಂದು ಕರೆಯುವ ರೋಗಕ್ಕೆ ಇದೇ ಮೂಲ.

1918ರಲ್ಲಿ ಹಳದಿಜ್ವರದ ಕಾರಣವನ್ನರಸಿ ಈಕ್ವಡಾರ್ ದೇಶಕ್ಕೆ ಹೋದ ನೊಗುಚಿಯವರಿಗೆ ಕೆಲವು ರೋಗಿಗಳ ರಕ್ತದಿಂದ ಲೆಪ್ಟೊಸ್ಪೈರ ದೊರೆಯಿತು. ಅದೇ ಹಳದಿಜ್ವರಕ್ಕೆ ಕಾರಣವೆಂದು ಅವರು ಸಾರಿದರು, ಲಸಿಕೆಯನ್ನೂ ಸಿದ್ಧಪಡಿಸಿದರು. ಆದರೆ ಎರಡು ರೋಗಗಳಲ್ಲಿಯೂ ಕಣ್ಣು ಮತ್ತು ಚರ್ಮ ಹಳದಿಯಾಗುವುದರಿಂದ ಒಂದನ್ನು ಇನ್ನೊಂದೆಂದು ಭ್ರಮಿಸುವುದು ಸುಲಭ. ಅವರಿಗೆ ದೊರೆತದ್ದು ವೈಲ್ ರೋಗದ ಜೀವಿಯೇ ಎಂದು ಇತರರ ಪರೀಕ್ಷೆಗಳು ತೋರಿಸಿದವು. ಬ್ಯಾಕ್ಟೀರಿಯವನ್ನು ತಡೆಯುವ ಸೋಸುಕದಲ್ಲಿಯೂ ನುಸುಳಿಹೋಗುವ ವೈರಸ್ಸೇ ಹಳದಿಜ್ವರದ ನಿಜವಾದ ಕಾರಣವೆಂಬುದು 1927ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ನಡೆದ ಪ್ರಯೋಗಗಳಿಂದ ಖಚಿತವಾಯಿತು.

ನೊಗುಚಿಯವರ ಕೀರ್ತಿಗೆ ಕುಂದು ಬಂದಿತು. ಅವರು ಮನೆಯಲ್ಲಿ ಕುಳಿತು ವಾದಿಸಲಿಲ್ಲ. ಸತ್ಯವನ್ನು ಸ್ವತಃ ಪರೀಕ್ಷಿಸಲು ಅದೇ ವರ್ಷ ಆಫ್ರಿಕದ ಅಕ್ರಾ ನಗರಕ್ಕೆ ಹೋಗಿ ಹಗಲಿರುಳೆನ್ನದೆ ದುಡಿದರು. ಕೊನೆಗೆ ತಾವು ಅರಸುತ್ತಿದ್ದ ಹಳದಿಜ್ವರಕ್ಕೇ ತುತ್ತಾಗಿ 1928ರ ಮೇ 21ರಂದು ಕಣ್ಮುಚ್ಚಿದರು. ಹಳದಿಜ್ವರವನ್ನು ಕುರಿತ ಅವರ ಮತವು ಅಳಿಯಿತು. ಲೆಪ್ಟೊಸ್ಪೈರ ಎಂಬ ಹೆಸರು ಉಳಿಯಿತು. ಎಷ್ಟೇ ದೊಡ್ಡ ವಿಜ್ಞಾನಿಯ ಮಾತಾದರೂ ಪರೀಕ್ಷೆಯ ಒರೆಗಲ್ಲಿಗೆ ಹೊರತಲ್ಲವೆಂಬುದನ್ನು ಅವರ ಬಾಳು ತಿಳಿಸುತ್ತದೆ.